ಒಂದೂವರೆ ಗಂಟೆಯ ನೊಣ

ಫ್ರಿಜ್ಜಿನ ಮೇಲೆ ಆ ತಗಡಿನ ಡಬ್ಬಿ ಉಳಿದುಹೋದದ್ದು ಜಿಪ್ಪಕ್ಕನ ಕಣ್ಣಿಗೆ ಬಿದ್ದಾಗ ಭಾನುವಾರ ಬೆಳಗ್ಗೆ ಆರು ಇಪ್ಪತ್ತು. ಆಗಷ್ಟೇ ಅವಳು ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದು ಕುರ್ಚಿಯ ಮೇಲೆ ಎರಡೂ ಕಾಲು ಚಾಚಿ, ಪತ್ತೇದಾರಿ ಕಾದಂಬರಿಯ ಇನ್ನೂರ ಹನ್ನೆರಡನೆಯ ಪುಟ ತೆರೆದಿದ್ದಳು. ಇನ್ನು ಅರವತ್ತೇ ಪುಟ. ಶ್ರೀಮಂತ ಮುದುಕಿಯ ಹಾಲಿಗೆ ವಿಷ ಬೆರೆಸಿದವರು ಅಡುಗೆಯವಳೋ, ವಕೀಲನೋ, ತಂಗಿಯ ಮಗನೋ ಎಂಬುದು ಇವತ್ತು ಗೊತ್ತಾಗಲೇಬೇಕಿತ್ತು. ಪುಟ ಮಗುಚಿದಾಗ ನಾಲ್ಕು ಕಣ ಮರಳು ಮಡಿಲಿಗೆ ಉದುರಿತು. ಲೈಬ್ರರಿ ಪುಸ್ತಕವನ್ನು ಎಲ್ಲೆಲ್ಲಿಗೋ ಒಯ್ದು ಓದುವ ಜನರನ್ನು ಮನಸ್ಸಿನಲ್ಲೇ ಬೈದು, ಮರಳು ಕೊಡವಿ, ಟೀ ಲೋಟಕ್ಕೆ ಕೈ ಚಾಚಿ ತಲೆ ಎತ್ತಿದರೆ, ಡಬ್ಬಿ.

ಅವಳ ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬೀದಿಯ ಎಲ್ಲರ ಕೆಟ್ಟ ಜಿಪ್ಪುಗಳನ್ನೂ ಸರಿಮಾಡಿಕೊಡುವ ಹೊಲಿಗೆಯವಳಾದ್ದರಿಂದ ಎಲ್ಲರಿಗೂ ಜಿಪ್ಪಕ್ಕ. ವಾರದ ಆರು ದಿನ ಅವಳ ಮುಂದಿನ ಕೋಣೆಗೆ ಜನ ಬಸ್ ನಿಲ್ದಾಣಕ್ಕೆ ಬಂದ ಹಾಗೆ ಬರುತ್ತಿದ್ದರು. ಕೈಯಲ್ಲಿ ಪ್ಯಾಂಟು, ಬಾಯಿಯಲ್ಲಿ ಕತೆ. ಸಂಜೆಯಾದರೆ ಗಂಡ ಆಫೀಸಿನಿಂದ ಬಂದು ಆ ದಿನ ಯಾವ ಫೈಲು ಯಾರ ಟೇಬಲ್ಲಿನಿಂದ ಯಾರ ಟೇಬಲ್ಲಿಗೆ ಹೋಯಿತು ಎಂದು ಹೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಬಹಳ ಒಳ್ಳೆಯವರು. ಆದರೆ ಒಳ್ಳೆಯತನಕ್ಕೂ ಒಂದು ದನಿ ಇರುತ್ತದೆ, ಆ ದನಿ ಮನೆಯ ಎಲ್ಲ ಕೋಣೆಗೂ ಕೇಳಿಸುತ್ತದೆ ಎನ್ನುವುದು ಮದುವೆಯಾಗಿ ಇಪ್ಪತ್ತಾರು ವರ್ಷವಾದ ಹೆಂಗಸಿಗೆ ಮಾತ್ರ ಗೊತ್ತಾಗುವ ವಿಷಯ.

ಹಾಗಾಗಿ ಭಾನುವಾರದ ಬೆಳಗು ಅವಳ ಆಸ್ತಿ. ಅದನ್ನು ಅವಳು ಸುಮ್ಮನೆ ಪಡೆದವಳಲ್ಲ, ಬುದ್ಧಿ ಉಪಯೋಗಿಸಿ ಸಂಪಾದಿಸಿದವಳು.

ನಾಲ್ಕು ವರ್ಷದ ಹಿಂದೆ ಗಂಡನ ಮೇಲಧಿಕಾರಿ ನಿವೃತ್ತಿಯಾಗಿ ಊರು ಬಿಡುವಾಗ ತನ್ನ ನೊಣಗಾಳದ ಕೋಲನ್ನು ಇವರಿಗೆ ಕೊಟ್ಟುಹೋಗಿದ್ದರು. ಆ ಗಾಳಕ್ಕೆ ಎರೆಹುಳ ಚುಚ್ಚುವುದಿಲ್ಲ. ಕೋಳಿಪುಕ್ಕ, ದಾರ, ಮಿನುಗುವ ಎಳೆ ಸೇರಿಸಿ ಪುಟ್ಟ ಕೊಕ್ಕೆಗೆ ಕಟ್ಟಿದ ಸುಳ್ಳು ನೊಣವನ್ನು ನೀರಿನ ಮೇಲೆ ಬೀಸಿ ಮೀನಿಗೆ ಮೋಸ ಮಾಡಬೇಕು. ಸಿಕ್ಕ ಮೀನನ್ನು ಮತ್ತೆ ನೀರಿಗೆ ಬಿಟ್ಟುಬಿಡಬೇಕು, ಅದೇ ಆಟದ ಮರ್ಯಾದೆ. ಮೊದಲ ಭಾನುವಾರ ಗಂಡ ನದಿ ಸಮುದ್ರ ಸೇರುವ ಅಳಿವೆಗೆ ಹೋಗಿ ಒಂದೇ ಗಂಟೆಯಲ್ಲಿ ಮುಖ ಸಣ್ಣ ಮಾಡಿಕೊಂಡು ವಾಪಸು ಬಂದರು. ಜಿಪ್ಪಕ್ಕ ಯೋಚಿಸಿದಳು. ನೊಣ ಚೆನ್ನಾಗಿದ್ದರೆ ಮೀನು ಸಿಗುತ್ತದೆ, ಮೀನು ಸಿಕ್ಕರೆ ಮನುಷ್ಯ ಅಲ್ಲೇ ನಿಲ್ಲುತ್ತಾನೆ. ಕೋಲಿನ ಜೊತೆ ಬಂದಿದ್ದ ಚಿತ್ರದ ಪುಸ್ತಕ ನೋಡಿ ತಾನೇ ಒಂದು ನೊಣ ಕಟ್ಟಿಕೊಟ್ಟಳು. ಮುಂದಿನ ಭಾನುವಾರ ಗಂಡ ಬಂದದ್ದು ಹನ್ನೊಂದಕ್ಕೆ!

ಅಲ್ಲಿಂದ ಅವಳು ವಿಜ್ಞಾನಿಯಾದಳು. ಅಳತೆ ಬರೆಯುವ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಪ್ರತಿ ವಾರ ಟಿಪ್ಪಣಿ. 'ಕಂದು ನೊಣ, ನದಿಯ ಸಿಹಿನೀರಿಗೆ: ಹನ್ನೊಂದೂಕಾಲು.' 'ಬೆಳ್ಳಿ ಎಳೆಯ ಮರಿಮೀನು, ಉಪ್ಪುನೀರಿಗೆ: ಹನ್ನೆರಡೂವರೆ.' ಎಲ್ಲಕ್ಕಿಂತ ಮೇಲೆ, ಎರಡು ಸಲ ಅಡಿಗೆರೆ ಎಳೆದು: 'ಕಿತ್ತಳೆ ಸಿಗಡಿ: ಒಂದೂವರೆ!!' ಇದುವರೆಗೆ ಇನ್ನೂರಕ್ಕೂ ಹೆಚ್ಚು ನೊಣ ಕಟ್ಟಿದ್ದಳು. ಮನೆಗೆ ಒಂದು ಮೀನೂ ಬರದಿದ್ದರಿಂದ ತೊಳೆಯುವ ಕೆಲಸವೂ ಇಲ್ಲ. ಗಂಡ ಬಂದು ಎರಡೂ ಕೈ ಅಗಲಿಸಿ "ಇಷ್ಟುದ್ದ ಇತ್ತು ಕಣೇ, ಬಿಟ್ಟುಬಿಟ್ಟೆ" ಎನ್ನುತ್ತಿದ್ದರು. ಅವಳು "ಪುಣ್ಯಾತ್ಮರು ನೀವು" ಎನ್ನುತ್ತಿದ್ದಳು. ಇಂಥ ಸುಖಸಂಸಾರ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಈಗ ಹೊಸ ಹನ್ನೆರಡು ಕಿತ್ತಳೆ ಸಿಗಡಿ ಕೂತಿದ್ದ ಡಬ್ಬಿ ಫ್ರಿಜ್ಜಿನ ಮೇಲೆ.

ಚಾಚಿದ ಕಾಲು ಚಾಚಿದಂತೆಯೇ ಅವಳು ಲೆಕ್ಕ ಹಾಕಿದಳು. ಗಂಡ ಹೊರಟದ್ದು ಆರಕ್ಕೆ. ಏಳೂಕಾಲಿಗೆ ಚೀಲ ಬಿಚ್ಚುತ್ತಾರೆ. ಡಬ್ಬಿ ಇಲ್ಲ. ಎಂಟೂಕಾಲಿಗೆ ಮನೆಯ ಬಾಗಿಲಲ್ಲಿ "ಏನೇ, ಟೀ ಇದೆಯೇನೇ?" ಎಂಬ ದನಿ. ಆಮೇಲೆ ಪೇಪರನ್ನು ಜೋರಾಗಿ ಓದಿ ಹೇಳುವುದು. ಆಮೇಲೆ ಕತ್ತರಿ ಎಲ್ಲಿದೆ, ಕನ್ನಡಕ ಎಲ್ಲಿದೆ. ಮುದುಕಿ ಸತ್ತಲ್ಲೇ ಸತ್ತಿರುತ್ತಾಳೆ.

ಇಲ್ಲ, ತಾನೇ ಓಡಿಹೋಗಿ ಡಬ್ಬಿ ಕೊಟ್ಟು ಬಂದರೆ ಎಂಟೂವರೆಗೆ ಮತ್ತೆ ಈ ಕುರ್ಚಿ. ಆಮೇಲೂ ಐದು ಗಂಟೆ ಉಳಿಯುತ್ತದೆ. ಜಿಪ್ಪಕ್ಕ ಎದ್ದು ಚಪ್ಪಲಿ ಮೆಟ್ಟಿದಳು.

ಗೇಟು ತೆಗೆಯುವಷ್ಟರಲ್ಲಿ ಎದುರುಮನೆಯ ಕಿಟಕಿ ತೆರೆಯಿತು. ಆ ಮನೆಯಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರೂ ಅವರ ಹೆಂಡತಿಯೂ ಇದ್ದರು. ಬೀದಿಯಲ್ಲಿ ಯಾರು ಹೊರಟರೂ ಯಾರು ಬಂದರೂ ಮಾಸ್ಟರ ಗಮನಕ್ಕೆ ಬಾರದೆ ಆಗುತ್ತಿರಲಿಲ್ಲ.

"ಆರು ಇಪ್ಪತ್ತೇಳು! ಭಾನುವಾರ ನೀವು ಈ ಹೊತ್ತಿಗೆ ಹೊರಡೋದೇ ಇಲ್ವಲ್ಲ ಜಿಪ್ಪಕ್ಕ?"

"ಇವ್ರು ನೊಣದ ಡಬ್ಬಿ ಬಿಟ್ಟು ಹೋಗಿದಾರೆ ಮಾಸ್ಟ್ರೇ. ಕೊಟ್ಟು ಬರ್ತೀನಿ."

"ಒಂದು ಡಬ್ಬಿಗೋಸ್ಕರ ಅಳಿವೆವರೆಗಾ? ಅವರೇ ವಾಪಸ್ ಬರ್ತಾರಲ್ಲ?"

ಅದೇ ಭಯ ಎಂದು ಹೇಳುವುದು ಹೇಗೆ? ಜಿಪ್ಪಕ್ಕ ಕಣ್ಣು ತಗ್ಗಿಸಿ, "ಪಾಪ, ವಾರಕ್ಕೊಂದೇ ದಿನ ಅವರ ಸಂತೋಷ. ಅದೂ ಹಾಳಾಗೋದು ಬೇಡ ಅಂತ" ಎಂದಳು.

 ಮಾಸ್ಟರು ಒಳಗೆ ತಿರುಗಿ, "ಕೇಳಿಸ್ಕೊಂಡ್ಯಾ? ಹೆಂಡತಿ ಅಂದ್ರೆ ಇವಳು!" ಎಂದರು.

"ಕೇಳಿಸ್ಕೊಂಡೆ," ಎಂದಿತು ಒಳಗಿನಿಂದ ಮಾಸ್ಟರಮ್ಮನ ದನಿ. "ಗಂಡ ಅಂದ್ರೆ ಅವರು. ವಾರಕ್ಕೊಂದು ದಿನನಾದ್ರೂ ಮನೆಯಿಂದ ಆಚೆ ಹೋಗ್ತಾರೆ."

ಆ ಮಾತು ಮಾಸ್ಟರ ಕಿವಿಗೆ ಬೀಳಲಿಲ್ಲ. ಅವರು ಆಗಲೇ ಸ್ಕೂಟರಿನ ಕೀಲಿ ಹುಡುಕುತ್ತಿದ್ದರು. "ಮುಂದಿನ ಬಸ್ಸು ಏಳು ಹತ್ತಕ್ಕೆ. ಅಲ್ಲೀವರೆಗೆ ಕಾಯೋಕಾಗಲ್ಲ. ಹತ್ತಿ, ನಾನು ಬಿಡ್ತೀನಿ. ನಿಮ್ಮೆಜಮಾನ್ರು ಗಾಳ ಬೀಸೋದನ್ನ ನೋಡ್ಬೇಕು ಅಂತ ನನಗೂ ಬಹಳ ದಿನದಿಂದ ಆಸೆ. ಹೋದ ವಾರ ಮೂರು ಕೆಜಿದು ಬಿಟ್ಟರಂತಲ್ಲ!"

ಬೇಡ ಎನ್ನಲು ಸಮಯವಿರಲಿಲ್ಲ. ಜಿಪ್ಪಕ್ಕ ಹತ್ತಿದಳು.

ಮಾಸ್ಟರು ಮೂವತ್ತೈದು ವರ್ಷ ರೈಲು ಓಡಿಸಿದವರಲ್ಲ, ನಿಲ್ಲಿಸಿದವರು. ಸ್ಕೂಟರನ್ನೂ ಹಾಗೇ ಬಿಡುತ್ತಿದ್ದರು. ಪ್ರತಿ ತಿರುವಿನಲ್ಲೂ ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ತಮಗೆ ತಾವೇ ಕೈಬೀಸಿ ಮುಂದುವರಿಯುವರು. ಒಂದು ಬೆಕ್ಕು ಅವರನ್ನು ಹಿಂದೆ ಹಾಕಿ ಹೋಯಿತು.

"ಸ್ವಲ್ಪ ಬೇಗ ಮಾಸ್ಟ್ರೇ!"

"ಬೇಗನಾ? ಹಿಡ್ಕೊಳ್ಳಿ!" ಎಂದು ಅವರು ಹುಮ್ಮಸ್ಸಿನಿಂದ ಸ್ಕೂಟರಿನ ಕಿವಿ ತಿರುಚಿದ್ದೂ, ಕ್ಷೌರದಂಗಡಿಯ ಮುಂದಿನ ಉಬ್ಬು ಬಂದದ್ದೂ ಒಟ್ಟಿಗೇ. ಜಿಪ್ಪಕ್ಕ ಅರ್ಧ ಅಡಿ ಮೇಲೆದ್ದು ಕೂತಳು. ಡಬ್ಬಿಯ ಮುಚ್ಚಳ ಹಾರಿತು. ಹನ್ನೆರಡು ಕಿತ್ತಳೆ ಸಿಗಡಿಗಳು ಗಾಳಿಯಲ್ಲಿ ತೇಲಿ, ನಾಲ್ಕು ಅವಳ ತೋಳಿನ ಮೇಲೆ, ಏಳು ರಸ್ತೆಯ ಮೇಲೆ ಇಳಿದವು. ಹನ್ನೆರಡನೆಯದು ಮಾಸ್ಟರ ಬಲಗಿವಿಯ ಹಾಲೆ ಹಿಡಿಯಿತು.

"ಅಯ್ಯಯ್ಯೋ! ಏನೋ ಕಚ್ತು!"

ಸ್ಕೂಟರು ನಿಂತಿತು. ಗಲ್ಲಕ್ಕೆ ಸೋಪು ಹಚ್ಚಿಕೊಂಡ ಗಿರಾಕಿಯನ್ನು ಬಿಟ್ಟು ಕ್ಷೌರಿಕ ಹೊರಗೆ ಬಂದ. ಗಿರಾಕಿಯೂ ಬಂದ. ಎರಡು ನಿಮಿಷದಲ್ಲಿ ಭಾನುವಾರ ಮಾಡಲು ಬೇರೆ ಕೆಲಸವಿಲ್ಲದ ಒಂಬತ್ತು ಜನ ಮಾಸ್ಟರ ಕಿವಿಯ ಸುತ್ತ ನಿಂತರು. ಕಿವಿಯಲ್ಲಿ ಕಿತ್ತಳೆ ಸಿಗಡಿ ಲೋಲಾಕಿನಂತೆ ಅಲ್ಲಾಡುತ್ತಿತ್ತು.

"ಕತ್ತರಿಸ್ಬೇಕು," ಎಂದ ಕ್ಷೌರಿಕ, ಕತ್ತಿ ಹಿಡಿದುಕೊಂಡೇ.

"ಯಾವುದನ್ನ?" ಎಂದು ಮಾಸ್ಟರು ಚೀರಿದರು.

"ಆಸ್ಪತ್ರೆಗೆ ಹೋಗಿ," ಎಂದ ಸೋಪಿನ ಗಿರಾಕಿ. "ನಮ್ಮ ಭಾವನಿಗೂ ಹೀಗೇ ಆಗಿತ್ತು."

"ಆಮೇಲೆ ಏನಾಯ್ತು?"

"ಈಗ ಆ ಕಿವಿ ಕೇಳ್ಸಲ್ಲ."

ಗಡಿಯಾರ ನೋಡಿದಳು ಜಿಪ್ಪಕ್ಕ. ಆರು ಐವತ್ತು. ಆಸ್ಪತ್ರೆಗೆ ಹೋದರೆ ಭಾನುವಾರ ಮುಗಿದಂತೆಯೇ. "ದಾರಿ ಬಿಡಿ" ಎಂದು ಮುಂದೆ ಬಂದು ಮಾಸ್ಟರ ಕಿವಿ ಹಿಡಿದಳು. ಮೀನನ್ನು ನೋವಿಲ್ಲದೆ ಬಿಡಬೇಕಾದರೆ ಕೊಕ್ಕೆಯ ತುದಿಯ ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಬೇಕು ಎಂದು ಚಿತ್ರದ ಪುಸ್ತಕದಲ್ಲಿತ್ತು. ಇನ್ನೂರು ನೊಣಕ್ಕೂ ಅವಳು ತಪ್ಪದೆ ಹಾಗೇ ಮಾಡಿದ್ದಳು. ಕೊಕ್ಕೆ ಹೋದ ದಾರಿಯಲ್ಲೇ ಮೆಲ್ಲಗೆ ಹಿಂದಕ್ಕೆ ಜಾರಿಸಿದಳು. ಗುಂಡಿಯ ತೂತಿನಿಂದ ಗುಂಡಿ ಬಂದಂತೆ ಬಂತು.

"ಆಯ್ತು."

"ಆಯ್ತಾ?" ಎಂದರು ಮಾಸ್ಟರು ಇನ್ನೂ ಕಣ್ಣು ಮುಚ್ಚಿಕೊಂಡೇ. ಗುಂಪಿಗೆ ತುಸು ನಿರಾಸೆಯಾಯಿತು. ಕ್ಷೌರಿಕ ಕಿವಿಗೆ ಔಷಧಿ ಒತ್ತಿ, ಸೋಪು ಒಣಗಿಸಿಕೊಂಡ ಗಿರಾಕಿಯನ್ನು ಒಳಗೆ ಕರೆದೊಯ್ದ. ಜಿಪ್ಪಕ್ಕ ರಸ್ತೆಯ ಮೇಲೆ ಕೂತು ಏಳು ಸಿಗಡಿಯನ್ನೂ ಆರಿಸಿಕೊಂಡಳು.

ದೋಣಿಗಟ್ಟೆಗೆ ಬಂದಾಗ ಏಳು ಹತ್ತು. ಮಾಸ್ಟರು ನೀರು ನೋಡಿ, ಕಿವಿ ಮುಟ್ಟಿಕೊಂಡು, "ನಾನು ಇಲ್ಲೇ ಟೀ ಕುಡೀತಾ ಇರ್ತೀನಿ. ನೀವು ಹೋಗಿ ಬನ್ನಿ. ಬೀಸೋದನ್ನ ಇನ್ನೊಂದು ದಿನ ನೋಡ್ತೀನಿ" ಎಂದರು.

ದಾಟಿಸುವವನು ಹಳೆಯ ಪರಿಚಯದ ದೋಣಿಯಣ್ಣ. "ನಮ್ಮೋರು ವಾಪಸ್ ಬಂದ್ರಾ ಅಣ್ಣ?" ಎಂದು ಅವಳು ಕೇಳಿದಳು.

"ಸಾಹೇಬ್ರಾ? ಈಗಲೇ ಯಾಕೆ ಬರ್ತಾರಕ್ಕ? ಆ ಕಡೆ ಮರಳುದಿಬ್ಬದ ಬಂಡೆ ಹಿಂದೆ ಇದಾರೆ. ತುಂಬಾ ಶಾಂತ ಮನುಷ್ಯ. ಒಂದು ಮೀನಿಗೂ ತೊಂದರೆ ಕೊಟ್ಟೋರಲ್ಲ."

ಹೊಗಳಿಕೆಯೆಂದುಕೊಂಡು ಜಿಪ್ಪಕ್ಕ ಬೀಗಿದಳು.

ಆದರೆ ಆ ಹೊತ್ತಿಗೆ ಸಮುದ್ರದ ಇಳಿತ ಅರ್ಧ ಮುಗಿದಿತ್ತು. ನೀರು ಅಳಿವೆಯಿಂದ ಹೊರಗೆ ಹರಿದುಹೋಗಿ, ನಡುವಿನಲ್ಲಿ ಕೆಸರು ಬೆನ್ನು ಕಾಣಿಸಿತು. ದಡ ಇನ್ನೂ ನೂರು ಹೆಜ್ಜೆ ಇರುವಾಗ ದೋಣಿ 'ಉಸ್' ಎಂದು ಕೂತುಬಿಟ್ಟಿತು.

"ಇನ್ನು ನೀರು ಬರೋದು ಎಷ್ಟೊತ್ತಿಗೆ?"

"ಹನ್ನೊಂದು, ಹನ್ನೊಂದೂವರೆ. ಕೂತ್ಕೊಳ್ಳಿ ಅಕ್ಕ, ಗಾಳಿ ಚೆನ್ನಾಗಿದೆ."

ಜಿಪ್ಪಕ್ಕನಿಗೆ ತನ್ನ ಎರಡು ಕುರ್ಚಿಗಳು ಕಣ್ಣ ಮುಂದೆ ಬಂದವು. ಡಬ್ಬಿಯನ್ನು ಹಲ್ಲಿನಲ್ಲಿ ಕಚ್ಚಿ, ಬಟ್ಟೆ ಎತ್ತಿ ಕಟ್ಟಿ, ಕೆಸರಿಗಿಳಿದಳು. ಹತ್ತನೇ ಹೆಜ್ಜೆಗೆ ಎಡಚಪ್ಪಲಿ ಹೋಯಿತು. ನಲವತ್ತನೇ ಹೆಜ್ಜೆಗೆ ಬಲಚಪ್ಪಲಿ ಅದನ್ನು ಹುಡುಕಿಕೊಂಡು ಹೋಯಿತು. ಅರವತ್ತನೇ ಹೆಜ್ಜೆಗೆ ಅವಳೇ ಕೂತಳು. ಹಿಂದಿನಿಂದ ದೋಣಿಯಣ್ಣ, "ನಿಧಾನ ಅಕ್ಕ, ಅಲ್ಲಿ ಜಾರುತ್ತೆ!" ಎಂದು ಎಚ್ಚರಿಸಿದ, ಅವಳು ಜಾರಿ ಬಿದ್ದಾದ ಮೇಲೆ.

ದಿಬ್ಬ ಹತ್ತಿದಾಗ ಸೊಂಟದ ಕೆಳಗೆ ಜಿಪ್ಪಕ್ಕ ಅರ್ಧ ಮುಗಿದ ಮಣ್ಣಿನ ಗೊಂಬೆಯಂತಿದ್ದಳು. ಆದರೂ ಎದೆಯಲ್ಲಿ ಧೈರ್ಯವಿತ್ತು. ಡಬ್ಬಿ ಕೊಡುವುದು, ನೀರು ಏರಿದ ಕೂಡಲೇ ಹೊರಡುವುದು. ಗಂಡ ಒಂದೂವರೆಯವರೆಗೆ ನಿಲ್ಲುತ್ತಾರೆ. ಅಷ್ಟರಲ್ಲಿ ಅರವತ್ತಲ್ಲದಿದ್ದರೂ ಮೂವತ್ತು ಪುಟವಾದರೂ ಆಗುತ್ತದೆ. ಅವಳು ಬಂಡೆ ಬಳಸಿ ನಡೆದಳು.

ಗಾಳದ ಕೋಲು ಮರಳಿನಲ್ಲಿ ನೆಟ್ಟಗೆ ನಿಂತಿತ್ತು. ಅದರ ತುದಿಗೆ ದಾರವಿರಲಿಲ್ಲ, ಒಣಹಾಕಿದ ಒಂದು ಜೊತೆ ಕಾಲುಚೀಲವಿತ್ತು. ಬಂಡೆಯ ನೆರಳಲ್ಲಿ, ಮಡಿಸುವ ಕುರ್ಚಿಯ ಮೇಲೆ, ಎದುರಿನ ಕಲ್ಲಿನ ಮೇಲೆ ಎರಡೂ ಕಾಲು ಚಾಚಿ ಕೂತು, ಅವಳ ಗಂಡ ಪುಸ್ತಕ ಓದುತ್ತಿದ್ದರು. ಲೈಬ್ರರಿಯ ನೀಲಿ ಚೀಟಿ ಅಂಟಿಸಿದ ಪುಸ್ತಕ. ಅವಳೇ ತಂದಿದ್ದು.

"ರೀ!"

ಗಂಡ ಎಷ್ಟು ಬೆಚ್ಚಿದರೆಂದರೆ ಪುಸ್ತಕ ಎದೆಗೆ ಅಪ್ಪಿಕೊಂಡು ಎದ್ದುನಿಂತರು. ಹೆಂಡತಿಯ ಮುಖ ನೋಡಿದರು. ಕೆಸರು ನೋಡಿದರು. ಬರಿಗಾಲು ನೋಡಿದರು. ಕೊನೆಗೆ ಡಬ್ಬಿ ನೋಡಿದರು.

"ಅದು... ಅದು ಮನೇಲೇ ಉಳೀತಾ?"

"ನಿಮಗೆ ಗೊತ್ತೇ ಆಗಿಲ್ವಾ?"

ಗಂಡ ಮೆಲ್ಲಗೆ ಕೂತರು. "ಇವತ್ತು ಎಲ್ಲಾ ಹೇಳಿಬಿಡ್ತೀನಿ ಕಣೇ. ನಾಲ್ಕು ವರ್ಷದಿಂದ ಗಂಟಲಲ್ಲಿ ಸಿಕ್ಕೊಂಡಿದೆ. ನನಗೆ ಗಾಳ ಬೀಸಕ್ಕೇ ಬರಲ್ಲ. ಮೊದಲನೇ ದಿನ ಬೀಸಿದಾಗ ನನ್ನ ಟೋಪಿನೇ ನದಿಗೆ ಹೋಯ್ತು. ಸಾಕಪ್ಪಾ, ಕೋಲನ್ನ ಯಾರಿಗಾದ್ರೂ ಕೊಟ್ಟುಬಿಡೋಣ ಅಂತ ಮನೆಗೆ ಬಂದೆ. ನೋಡಿದ್ರೆ ನೀನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಪುಕ್ಕ ಕಟ್ತಾ ಕೂತಿದ್ದೆ. ವಾರಕ್ಕೊಂದು ಹೊಸದು. ಒಂದಕ್ಕಿಂತ ಒಂದು ಚೆಂದ. ಗಂಡ ಸಂತೋಷವಾಗಿರಲಿ ಅಂತ ಇಷ್ಟು ಪ್ರೀತಿಯಿಂದ ಮಾಡ್ತಿರೋಳಿಗೆ, ಬೇಡ ಅಂತ ಹೇಗೆ ಹೇಳಲಿ? ಅದಕ್ಕೇ ನಿನ್ನ ಪುಸ್ತಕದಲ್ಲಿ ಒಂದನ್ನ ಚೀಲಕ್ಕೆ ಹಾಕ್ಕೊಂಡು ಬರ್ತಿದ್ದೆ. ಓದಿ ಮುಗಿದ ಕೂಡಲೇ ಮನೆಗೆ."

ಜಿಪ್ಪಕ್ಕನ ತಲೆಯಲ್ಲಿ ನೋಟುಬುಕ್ಕಿನ ಪುಟಗಳು ತಾವಾಗಿಯೇ ಮಗುಚಿಕೊಂಡವು. ಹನ್ನೊಂದೂಕಾಲು, ತೆಳ್ಳನೆಯ ಕವಿತೆಗಳು. ಹನ್ನೆರಡೂವರೆ, ಸಣ್ಣಕತೆಗಳು. ಒಂದೂವರೆ, ಎರಡು ಅಡಿಗೆರೆ... ಆ ವಾರಗಳಲ್ಲೆಲ್ಲ ಅವಳು ತಂದಿದ್ದದ್ದು ಇಟ್ಟಿಗೆಯಂಥ ಕಾದಂಬರಿಗಳು. ಸಿಗಡಿಯ ಪಾತ್ರ ಇದರಲ್ಲಿ ಏನೂ ಇರಲಿಲ್ಲ. ಇನ್ನೂರು ನೊಣ ಸೇರಿ ನಾಲ್ಕು ವರ್ಷದಲ್ಲಿ ಹಿಡಿದದ್ದು ಒಂದೇ ಒಂದು, ಸ್ಟೇಷನ್ ಮಾಸ್ಟರ ಬಲಗಿವಿ. ಅದನ್ನೂ ನಿಯಮದಂತೆ ಬಿಟ್ಟಾಗಿತ್ತು.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು ಸಂಗತಿ. ಅವಳು ಮನೆಯಿಂದ ಹೊರಡದೇ ಇದ್ದಿದ್ದರೆ ಈ ಮನುಷ್ಯ ಎಂದಿನಂತೆ ಮಧ್ಯಾಹ್ನವೇ ಬರುತ್ತಿದ್ದರು.

"ಬೈಯಲ್ವಾ?" ಎಂದರು ಗಂಡ.

"ಯಾಕೆ ಬೈಲಿ ರೀ?" ಜಿಪ್ಪಕ್ಕ ಬೇಗ ಎಚ್ಚೆತ್ತಳು. ಇನ್ನೂ ಎಲ್ಲ ಕೈತಪ್ಪಿಹೋಗಿರಲಿಲ್ಲ. "ಓದೋದು ಒಳ್ಳೇದೇ ತಾನೇ? ಇಲ್ಲಿ ಗಾಳಿ ಇದೆ, ಬೆಳಕಿದೆ. ಪ್ರತಿ ವಾರ ಬನ್ನಿ. ಇನ್ನೂ ದಪ್ಪ ಪುಸ್ತಕ ತಂದುಕೊಡ್ತೀನಿ. ಬೇಕಾದ್ರೆ ಬುತ್ತಿನೂ ಕಟ್ತೀನಿ."

ಗಂಡನ ಕಣ್ಣು ತುಂಬಿತು. "ನೋಡು, ಈಗಲೂ ನನ್ನ ಸುಖಾನೇ ಯೋಚಿಸ್ತೀಯ! ನನ್ನ ಸುಳ್ಳಿಗೋಸ್ಕರ ನಾಲ್ಕು ವರ್ಷ ಪ್ರತಿ ಭಾನುವಾರ ಒಬ್ಬಳೇ ಕೂತಿದ್ದೆಯಲ್ಲೇ. ಎಷ್ಟು ಬೇಜಾರಾಗಿರಬೇಡ! ಇವತ್ತು ಈ ಕೆಸರು ತುಳ್ಕೊಂಡು ಬಂದ್ಯಲ್ಲ, ಸಾಕು. ಇನ್ಮೇಲೆ ಭಾನುವಾರ ನಾನು ಎಲ್ಲೂ ಹೋಗಲ್ಲ. ಮನೇಲೇ ಇರ್ತೀನಿ. ಇಬ್ರೂ ಒಟ್ಟಿಗೇ ಓದೋಣ."

"ಒಟ್ಟಿಗೆ ಅಂದ್ರೆ?"

"ನಾನು ಜೋರಾಗಿ ಓದ್ತೀನಿ, ನೀನು ಆರಾಮಾಗಿ ಕೇಳು!"

ದೂರದಲ್ಲಿ ಒಂದು ದೊಡ್ಡ ಮೀನು ನೀರಿನಿಂದ ಜಿಗಿದು ಬಿತ್ತು. ನಗಲಿಕ್ಕೇ ಮೇಲೆ ಬಂದಂತಿತ್ತು.

ನೀರೇರಿ ದೋಣಿ ದಾಟುವಾಗ ಹನ್ನೊಂದೂವರೆ. ಗಂಡ ಅಷ್ಟು ದೂರವೂ ಹಗುರಾದ ಮನಸ್ಸಿನಿಂದ ಮಾತಾಡಿದರು. ನಾಲ್ಕು ವರ್ಷ ಬಾಕಿಯಿದ್ದ ಎಲ್ಲ ಭಾನುವಾರದ ಮಾತುಗಳೂ ಅವರ ಹತ್ತಿರ ಭದ್ರವಾಗಿದ್ದವು. ದೋಣಿಗಟ್ಟೆಯಲ್ಲಿ ಎಂಟನೇ ಟೀ ಮುಂದಿಟ್ಟುಕೊಂಡು ಕೂತಿದ್ದ ಮಾಸ್ಟರನ್ನು ಕಂಡಕೂಡಲೇ ಕೋಲನ್ನು ಅವರ ಕೈಗೆ ಹಾಕಿ, "ತಗೊಳ್ಳಿ ಮಾಸ್ಟ್ರೇ, ಇನ್ಮೇಲೆ ಇದು ನಿಮ್ಮದು. ನನಗೆ ಸಾಕಷ್ಟು ಮೀನು ಬಿಟ್ಟಾಯ್ತು" ಎಂದರು. ಮಾಸ್ಟರು ಔಷಧಿ ಹಚ್ಚಿದ ಕಿವಿ ಮರೆತು ಕೋಲನ್ನು ಹಸಿರು ಬಾವುಟದಂತೆ ಎತ್ತಿಹಿಡಿದರು.

ಮನೆಗೆ ಬಂದು, ಕೆಸರು ತೊಳೆದು, ಊಟ ಮುಗಿಸಿ ಕೊನೆಗೂ ಜಿಪ್ಪಕ್ಕ ಕುರ್ಚಿಯಲ್ಲಿ ಕೂತಾಗ ಮೂರು ಗಂಟೆ. ಎರಡನೇ ಕುರ್ಚಿಯಲ್ಲಿ ಗಂಡ ಕೂತಿದ್ದರಿಂದ ಕಾಲು ನೆಲದ ಮೇಲೆಯೇ ಇತ್ತು. ಅವಳು ಇನ್ನೂರ ಹನ್ನೆರಡನೆಯ ಪುಟ ತೆರೆದಳು.

"ಓ, ಇದಾ? ಹೋದ ವಾರ ಓದಿದೆ," ಎಂದರು ಗಂಡ ಪ್ರೀತಿಯಿಂದ. "ಬಹಳ ಚೆನ್ನಾಗಿದೆ. ಆ ಡಾಕ್ಟರೇ ವಿಷ ಹಾಕಿದ್ದು ಅಂತ ನನಗೆ ಕೊನೇವರೆಗೂ ಗೊತ್ತಾಗ್ಲಿಲ್ಲ ನೋಡು!"

ಜಿಪ್ಪಕ್ಕ ಪುಸ್ತಕ ಮುಚ್ಚಿದಳು. ಡಾಕ್ಟರ ಮೇಲೆ ಅವಳಿಗೆ ಒಂದು ಚೂರೂ ಅನುಮಾನವಿರಲಿಲ್ಲ.

ಸಂಜೆ ಐದಕ್ಕೆ ಮಾಸ್ಟರಮ್ಮ ಬಂದರು. ಎಂದೂ ಇಲ್ಲದ ಕಳೆ ಮುಖದಲ್ಲಿತ್ತು. ಒಳಗೆ ಗಂಡ ಪೇಪರು ಓದಿ ಹೇಳುತ್ತಿದ್ದ ದನಿ ಕೇಳುತ್ತಿದ್ದರಿಂದ ಮಾಸ್ಟರಮ್ಮ ಜಿಪ್ಪಕ್ಕನನ್ನು ಬಾಗಿಲಾಚೆ ಎಳೆದುಕೊಂಡರು.

"ನಮ್ಮನೆಯೋರು ಮುಂದಿನ ಭಾನುವಾರದಿಂದ ಅಳಿವೆಗೆ ಹೋಗ್ತಾರಂತೆ. ಈಗಿಂದ್ಲೇ ಅಂಗಳದಲ್ಲಿ ಕೋಲು ಬೀಸ್ತಾ ಇದಾರೆ. ಎರಡು ಹೂವಿನ ಕುಂಡ ಹೋಯ್ತು, ಹೋಗಲಿ. ರಿಟೈರ್ ಆಗಿ ಆರು ವರ್ಷ ಜಿಪ್ಪಕ್ಕ, ಒಂದು ದಿನ ಒಂದು ಗಂಟೆ ನಾನು ಒಬ್ಬಳೇ ಕೂತಿಲ್ಲ." ಅವರು ದನಿ ಇನ್ನೂ ತಗ್ಗಿಸಿದರು. "ನೀವು ಒಂದಿಷ್ಟು ನೊಣ ಕಟ್ಕೊಡಿ. ಚೆನ್ನಾಗಿರೋದು. ಒಂದೂವರೆವರೆಗಾದ್ರೂ ಮನೆ ಕಡೆ ಬರಬಾರದು, ಅಂಥದ್ದು."

ಜಿಪ್ಪಕ್ಕ ಅವರ ಮುಖವನ್ನು ನೋಡಿದಳು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷ ಅದನ್ನೇ ಕನ್ನಡಿಯಲ್ಲಿ ನೋಡಿದ್ದಳು. ಒಳಗೆ ಹೋಗಿ ಬೀರುವಿನ ಮೇಲಿನಿಂದ ಎರಡೂ ಕೈಯಲ್ಲಿ ಹಿಡಿಯಬೇಕಾದ ಒಂದು ಕಾದಂಬರಿ ತಂದು ಮಾಸ್ಟರಮ್ಮನ ಕೈಗೆ ಕೊಟ್ಟಳು.

"ನೊಣದಲ್ಲಿ ಏನೂ ಇಲ್ಲ," ಎಂದಳು. "ಇದನ್ನ ಅವರ ಚೀಲದಲ್ಲಿ ಹಾಕಿ. ಮತ್ತೆ ಮಾಸ್ಟರಮ್ಮ, ಏನೇ ಮರೆತು ಹೋದ್ರೂ ನೀವು ಮಾತ್ರ ಕೊಡಕ್ಕೆ ಹೋಗ್ಬೇಡಿ."